ಕೂಸಿಗೆ ಎರೆಯುವ ಕೈ

ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ, ಬಾಣಂತಿ ದವಾಖಾನೆಯಿಂದ ಮನೆಗೆ ಬಂದ ದಿನವೇ ಒಬ್ಬರು ನಮ್ಮ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. "ಅಕ್ಕಾ, ನಾಳಿಗೆ ಎರಿಯಾಕ ಬರ್ರಿ" ಎಂದು ಅವ್ವನನ್ನು ಕರೆಯುತ್ತಿದ್ದರು. ಹೆರಿಗೆ ಮನೆ ಬಿಟ್ಟು ದವಾಖಾನೆಗೆ ಹೋಗಿ ಎಷ್ಟೋ ವರ್ಷಗಳಾದವು. ಆದರೆ ಕೂಸಿಗೆ ಎರೆಯುವುದು, ಅಂದರೆ ಎಣ್ಣೆ ಹಚ್ಚಿ, ತಿಕ್ಕಿ, ಬಿಸಿನೀರು ಹಾಕುವುದು, ನಮ್ಮ ಹಿರೇಕೆರೂರಿನಲ್ಲಿ ಇಂದಿಗೂ ಬಚ್ಚಲಮನೆಯ ಕೆಲಸವೇ. ಆ ಕೆಲಸಕ್ಕೆ ನಮ್ಮವ್ವನ ಕೈ ಹೆಸರಾಗಿತ್ತು.

ಅವ್ವ ಬಚ್ಚಲ ಕಲ್ಲಿನ ಮೇಲೆ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಎರಡೂ ಕಾಲು ಚಾಚಿ, ಅವುಗಳ ಮೇಲೆ ಕೂಸನ್ನು ಮಲಗಿಸಿಕೊಳ್ಳುತ್ತಿದ್ದಳು. ಮೊದಲ ತಂಬಿಗೆಗೆ ಚೀರಿದ ಕೂಸು ಮೂರನೆಯದಕ್ಕೆ ಕಣ್ಣು ಮುಚ್ಚುತ್ತಿತ್ತು. ಇದಕ್ಕೆ ಅವ್ವ ಯಾರ ಹತ್ತಿರವೂ ದುಡ್ಡು ಮುಟ್ಟಿದವಳಲ್ಲ. ಒಂದು ಕುಬಸದ ಕಣ, ಎಲೆ ಅಡಿಕೆ, ಅಷ್ಟೇ. ಎಲೆ ಮಾತ್ರ ಸವಣೂರಿನದೇ ಆಗಬೇಕು. ಬೇರೆ ಎಲೆ ಕೊಟ್ಟರೆ "ಇದನ್ನ ದನಕ್ಕ ಹಾಕ್ರಿ" ಎಂದು ಮುಖದ ಮೇಲೆಯೇ ಹೇಳಿಬಿಡುತ್ತಿದ್ದಳು. ಒಮ್ಮೆ ಹಾನಗಲ್ಲಿನ ಸಂಬಂಧಿಕರು ಬಂದು ಕರೆದುಕೊಂಡು ಹೋದವರು ತಿಂಗಳಾದರೂ ಬಿಡಲಿಲ್ಲ. ಅವ್ವನಿಲ್ಲದ ಮನೆಯಲ್ಲಿ ನಾನು ಮೂಲೆ ಹಿಡಿದು ಅತ್ತದ್ದು ನೆನಪಿದೆ. ಯಾರದೋ ಕೂಸು ನನ್ನ ಅವ್ವನ ಕಾಲ ಮೇಲೆ ಮಲಗಿದೆಯೆಂಬ ಹೊಟ್ಟೆಕಿಚ್ಚು ನನಗೆ.

ಅವಳದೊಂದು ಕಟ್ಟುನಿಟ್ಟಿತ್ತು. ಕೂಸನ್ನು ಮುಟ್ಟುವ ಮೊದಲು ತನ್ನ ಕೈಗೆ ತಾನು ಬೆಚ್ಚಗಿನ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಸವರಿಕೊಳ್ಳುವುದು. "ಒರಟ ಕೈ ಕೂಸಿನ ಮೈಗೆ ಹತ್ತಬಾರ್ದು" ಎನ್ನುತ್ತಿದ್ದಳು. ಜೋಳದ ರೊಟ್ಟಿ ಬಡಿದ ಕೈ, ಹೊಲದಲ್ಲಿ ಹತ್ತಿ ಬಿಡಿಸಿದ ಕೈ. ಎಣ್ಣೆ ಬಿದ್ದ ಮೇಲೆ ಅದೇ ಕೈ ಎಷ್ಟು ಮೆತ್ತಗಾಗುತ್ತಿತ್ತೆಂದರೆ, ನಾನು ದೊಡ್ಡವಳಾದ ಮೇಲೂ ಯಾವುದೋ ನೆಪ ಮಾಡಿ ತಲೆ ಒಡ್ಡುತ್ತಿದ್ದೆ.

ಮದುವೆಯಾಗಿ ನಾನು ಶಿಗ್ಗಾವಿಗೆ ಬಂದೆ. ಅಲ್ಲಿಂದ ದಿನಾ ದುಂಡಸಿಗೆ ಬಸ್ಸಿನಲ್ಲಿ ಹೋಗಿ ಮಕ್ಕಳಿಗೆ ಪಾಠ ಹೇಳುವ ಕೆಲಸ. ಮದುವೆಯಾದ ಎಷ್ಟೋ ವರ್ಷದ ಮೇಲೆ ಬಸಿರಾದಾಗ ಉಳಿದವರೆಲ್ಲ ಗಂಡೋ ಹೆಣ್ಣೋ ಎಂದು ಮಾತಾಡಿಕೊಂಡರು. ನನ್ನ ಆಸೆ ಒಂದೇ ಆಗಿತ್ತು. ತವರಿನ ಬಚ್ಚಲು, ಚಾಚಿದ ಅವ್ವನ ಕಾಲು, ಅದರ ಮೇಲೆ ನನ್ನ ಕೂಸು. ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಇದನ್ನೇ ನೆನೆಸಿಕೊಳ್ಳುತ್ತ ಎಷ್ಟೋ ಸಲ ನನ್ನ ಸ್ಟಾಪು ದಾಟಿ ಹೋಗಿದ್ದೇನೆ. ಅವ್ವನದೂ ಇದೇ ಆಸೆ. ಫೋನಿನಲ್ಲಿ ಬೇರೆ ಮಾತೇ ಇಲ್ಲ. "ಓಣಿ ಕೂಸಿಗೆಲ್ಲಾ ಎರದೇನಿ. ಈಗ ನಂದಂತ ಒಂದು ಬರಾಕತ್ತೈತಿ" ಎನ್ನುತ್ತಿದ್ದಳು.

ಕೂಸು ಎಂಟನೇ ತಿಂಗಳಿಗೇ ಬಂದುಬಿಟ್ಟಿತು. ಹೆಣ್ಣು. ತೂಕ ಒಂದೂ ಮುಕ್ಕಾಲು ಕಿಲೊ. ಕೊರೊನಾ ತಣ್ಣಗಾಗಿದ್ದ ಕಾಲ, ಆದರೆ ಅದರ ಭಯ ಇನ್ನೂ ಜನರ ಮೈಯೊಳಗಿತ್ತು. ಹಾವೇರಿಯ ದವಾಖಾನೆಯಲ್ಲಿ ಸಣ್ಣ ಕೂಸುಗಳನ್ನಿಡುವ ಕೋಣೆಯೊಳಗೆ ತಾಯಿಯನ್ನು ಬಿಟ್ಟು ಇನ್ನೊಬ್ಬರನ್ನು ಬಿಡುತ್ತಿರಲಿಲ್ಲ. ಅವ್ವ ಕುಂಚಿಗೆ, ಹಳೆಯ ಪತ್ತಲದ ಅರಿವೆ, ಒಂದು ಸಣ್ಣ ಶೀಶೆಯಲ್ಲಿ ಔಡಲೆಣ್ಣೆ, ಎಲ್ಲವನ್ನೂ ಚೀಲದಲ್ಲಿಟ್ಟುಕೊಂಡು ಬಂದವಳು ಗಾಜಿನ ಆಚೆಯೇ ನಿಂತಳು. ಹದಿನೇಳು ದಿನ ಹಾಗೆಯೇ ನಿಂತಳು.

ಆ ಕೋಣೆಯ ಸಿಸ್ಟರ್ ವಯಸ್ಸಿನಲ್ಲಿ ನನಗಿಂತ ಸಣ್ಣವಳು, ಮಾತಿನಲ್ಲಿ ನನ್ನ ಹೆಡ್‌ಮಾಸ್ಟರಿಗಿಂತ ಜೋರು. ಮೊದಲ ದಿನವೇ ನನ್ನ ಕೈ ಹಿಡಿದು ಪಾಠ ಮಾಡಿದಳು. "ಅಕ್ಕಾರ, ಮನಿಗೆ ಹೋದ ಮ್ಯಾಲೂ ಕೂಸಿನ್ನ ಮುಟ್ಟೂ ಮುಂದ ಪ್ರತೀ ಸಲ ಕೈ ತೊಳೀಬೇಕು. ಸಬಕಾರ ನೀರು ಎಲ್ಲಾಕ್ಕಿಂತ ಛಲೋ. ರಾತ್ರಿ ಹಗಲು ಎದ್ದು ಹೋಗಾಕ ಆಗದಿದ್ರ ಸ್ಯಾನಿಟೈಸರ್. ಅದನ್ನೂ ವಾಸ್ನಿ ನೋಡಿ ತಗೋಬ್ಯಾಡ್ರಿ, ಹಿಂದಿನ ಚೀಟಿ ಓದ್ರಿ. ಆಲ್ಕೋಹಾಲ್ ನೂರಕ್ಕ ಅರವತ್ತಕ್ಕಿಂತ ಕಮ್ಮಿ ಇರಬಾರ್ದು. ಮಾಡಿದವ್ರ ವಿಳಾಸ, ಮುಗಿಯೋ ತಾರೀಖು, ಎಲ್ಲಾ ಇರಬೇಕು. ಮೆಥನಾಲ್ ಅಂತ ಬರದಿದ್ರ ಮುಟ್ಟಬ್ಯಾಡ್ರಿ, ಅದು ವಿಷ. ಏನೂ ಬರೀದ ಬಾಟ್ಲಿನೂ ಬ್ಯಾಡ." ಆಮೇಲೆ ಅಂಗೈ ತುಂಬ ಸುರಿದು ಅಂಗೈ, ಮುಂಗೈ, ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ ಎಲ್ಲ ತಿಕ್ಕಿಸಿದಳು. ನಾನು ರೂಢಿಯ ಪ್ರಕಾರ ಸೆರಗಿಗೆ ಒರೆಸಿಕೊಳ್ಳಲು ಹೋದಾಗ ಕೈಮೇಲೆ ಒಂದು ಪೆಟ್ಟು ಬಿತ್ತು. "ಒರಸಿದ್ರ ಹಚ್ಚಿದ್ದೆಲ್ಲಾ ದಂಡ. ತಾನ ಒಣಗಬೇಕು. ಉಫ್ ಅಂತ ಊದೂದೂ ಬ್ಯಾಡ." ಕೊನೆಗೆ ಇನ್ನೊಂದು ಮಾತು ಹೇಳಿದಳು: ಕೈಗೆ ಕೊಳೆ, ಜಿಡ್ಡು ಇದ್ದರೆ ಇದು ಕೆಲಸ ಮಾಡುವುದಿಲ್ಲ, ಮೊದಲು ಸಾಬೂನಿನಿಂದ ತೊಳೆಯಬೇಕು. ನಾನು ತಲೆಯಾಡಿಸಿದೆ. ಕೊಳೆ ಎಂದರೆ ಮಣ್ಣು, ಮಸಿ, ಸಗಣಿ ಎಂದುಕೊಂಡೆ.

ಕೂಸು ತವರಿಗೆ ಬಂತು. ತೂಕ ಎರಡೂವರೆ ಕಿಲೊ ಆಗುವವರೆಗೆ ಎರೆಯಬಾರದು, ಒದ್ದೆ ಅರಿವೆಯಿಂದ ಒರೆಸಿದರೆ ಸಾಕು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವ್ವ ಮರುದಿನದಿಂದ ಕ್ಯಾಲೆಂಡರಿನ ಮುಂದೆ ನಿಂತು ದಿನ ಎಣಿಸಲು ಶುರುಮಾಡಿದಳು.

ಮನೆಯಲ್ಲಿ ಸ್ಯಾನಿಟೈಸರಿಗೇನೂ ಬರವಿರಲಿಲ್ಲ. ಕೊರೊನಾದಲ್ಲಿ ತಂದಿಟ್ಟ ದೊಡ್ಡ ಬಾಟಲಿ ಕಿಟಕಿಯ ಬಿಸಿಲಲ್ಲಿ ಕೂತಿತ್ತು. ತಾರೀಖು ಮುಗಿದಿತ್ತು. ಸಾಲದ್ದಕ್ಕೆ, ಹಿಂದೊಮ್ಮೆ ತವರಿಗೆ ಬಂದಿದ್ದಾಗ, ಬಹಳ ದಿನ ಬರಲಿ ಎಂದು ಅದಕ್ಕೆ ನೀರು ಬೆರೆಸಿದ್ದವಳು ನಾನೇ. ಅದನ್ನು ಬಚ್ಚಲಿಗೆ ಸುರಿದೆ. ಅವ್ವ ಸಂತೆಗೆ ಹೋಗಿ ಇನ್ನೊಂದು ತಂದಳು. ಬಾಚಣಿಗೆ, ಪಿನ್ನು, ಕನ್ನಡಿ ಮಾರುವವನ ಹತ್ತಿರ ಕೊಂಡದ್ದು. ಮಲ್ಲಿಗೆ ವಾಸನೆ, ಗುಲಾಬಿ ಬಣ್ಣ. ಹಿಂದೆ ತಿರುಗಿಸಿದರೆ ಒಂದು ಹೂವಿನ ಚಿತ್ರ ಬಿಟ್ಟು ಮತ್ತೇನೂ ಇರಲಿಲ್ಲ.

"ಇದರಾಗ ಶೆರೆ ಇಲ್ಲಂತ. ಕೇಳೇ ತಂದೇನಿ" ಎಂದು ಅವ್ವ ಹೆಮ್ಮೆಯಿಂದ ಹೇಳಿದಳು. ದಿನಾ ಬೆಳಿಗ್ಗೆ ಎಡಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುವವಳು ಅವಳು. ಶೆರೆಯ, ಅಂದರೆ ಹೆಂಡದ, ವಾಸನೆಯ ಕೈಯಲ್ಲಿ ಲಿಂಗ ಹಿಡಿಯುವುದು ಹೇಗೆ, ಕೂಸು ಹಿಡಿಯುವುದು ಹೇಗೆ ಎಂಬುದು ಅವಳ ಸಂಕಟ.

"ಶೆರೆ ಇಲ್ಲದಿದ್ರ ಅದು ಬರೇ ಅತ್ತರಬೇ" ಎಂದು ನಾನು ಅದನ್ನೂ ಸುರಿದೆ. ನನ್ನ ಸಿಟ್ಟಿನ ಕಥೆ ದುಂಡಸಿಯ ಮಕ್ಕಳನ್ನು ಕೇಳಿದರೆ ಗೊತ್ತಾಗುತ್ತದೆ. ಬಾಣಂತಿಯ ಸಿಟ್ಟು ಅದರ ಎರಡರಷ್ಟು. ಬಸ್‌ಸ್ಟ್ಯಾಂಡಿನ ಹತ್ತಿರದ ಔಷಧಿ ಅಂಗಡಿಯಿಂದ ಸರಿಯಾದದ್ದನ್ನು ತರಿಸಿದೆ. ಅಂಗಡಿಯವನು, ಬೆಂಕಿಯಿಂದ ದೂರ ಇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ, ನೀರಿನ ಬಾಟಲಿಗೆ ಸುರಿದಿಡಬೇಡಿ ಎಂದು ಮೂರು ಮೂರು ಸಲ ಹೇಳಿ ಕಳಿಸಿದನಂತೆ. ಆದರೂ ಮರುದಿನ ನೋಡಿದರೆ ಬಾಟಲಿ ದೀಪದ ಮಾಡಿನಲ್ಲಿ, ಉರಿಯುವ ದೀಪದ ಮಗ್ಗುಲಿಗೇ ಕೂತಿತ್ತು. ಕೂಸಿನ ಸಲುವಾಗಿ ಬಂದ ವಸ್ತುವಿಗೆ ಅವ್ವ ಕೊಟ್ಟ ಮರ್ಯಾದೆ ಅದು. ಬಾಣಂತಿ ಕೋಣೆಗೆ ಲೋಬಾನದ ಹೊಗೆ ಹಾಕಲು ಕೆಂಡ ಊದುವ ಮೊದಲು ಕೈ ಪೂರ್ತಿ ಒಣಗಿದೆಯೇ ಎಂದು ನೋಡಿಕೋ ಎಂದು ಅದಕ್ಕೂ ಕೂಗಾಡಿದೆ.

ಅವ್ವ ಕಲಿತಳು. ಅದನ್ನು ಹೇಳಲೇಬೇಕು. ದೇವರ ಹೆಸರು ಹೇಳಿಕೊಳ್ಳುತ್ತ ಬೆರಳ ಸಂದಿಯೆಲ್ಲ ತಿಕ್ಕುತ್ತಿದ್ದಳು. ಸೆರಗು ಮುಟ್ಟದ ಹಾಗೆ ಎರಡೂ ಕೈ ಮೇಲೆತ್ತಿಕೊಂಡು ಒಣಗುವವರೆಗೆ ನಿಲ್ಲುತ್ತಿದ್ದಳು. ದಿನಕ್ಕೆ ಇಪ್ಪತ್ತು ಸಲ ಹೀಗೆ. ವಾರದಲ್ಲಿ ಕೈಯ ತೊಗಲು ಒಣಗಿ ಬಿರುಕು ಬಿಟ್ಟಿತು.

ತವರಿಗೆ ಬಂದ ಹನ್ನೊಂದನೆಯ ದಿನವೋ ಹನ್ನೆರಡನೆಯದೋ, ಮಧ್ಯಾಹ್ನ ಮಲಗಿ ಎದ್ದರೆ ಕೂಸು ಮಗ್ಗುಲಲ್ಲಿಲ್ಲ. ಅವ್ವ ಕಿಟಕಿಯ ಬೆಳಕಿನಲ್ಲಿ ಕೂತು ಅದನ್ನು ತೊಡೆಯ ಮೇಲೆ ಹಾಕಿಕೊಂಡು ಬೆನ್ನು ಸವರುತ್ತಿದ್ದಳು. ಅವಳ ಕೈ ಎಣ್ಣೆಯಿಂದ ಮಿರಿ ಮಿರಿ ಮಿಂಚುತ್ತಿತ್ತು.

"ಕೈಗೆ ಹಚ್ಕೊಂಡಿಲ್ಲೇನಬೇ?" ಎಂದೆ.

"ಹಚ್ಕೊಂಡೇನಿ ಯವ್ವಾ. ಒಂದಲ್ಲ, ಎರಡ ಸಲ ಹಚ್ಕೊಂಡೇನಿ. ಕೈ ಒಡದು ಮುಳ್ಳಾಗ್ಯಾವು, ಕೂಸಿಗೆ ಗೀರಬಾರ್ದಂತ ಮೊದ್ಲ ಎಣ್ಣಿ ಹಚ್ಕೊಂಡೆ. ಅದರ ಮ್ಯಾಲೆ ನಿನ್ನ ಔಷಧ."

ಸಿಸ್ಟರ್ ಹೇಳಿದ ಜಿಡ್ಡು ಎಂದರೆ ಏನೆಂದು ಆಗ ತಿಳಿಯಿತು. ನಮ್ಮ ಮನೆಯಲ್ಲಿ ಎಣ್ಣೆಯನ್ನು ಯಾರೂ ಕೊಳೆ ಎಂದು ತಿಳಿದವರಲ್ಲ. ಅದು ಕೂಸಿಗೆ ಕೊಡುವ ಮೊದಲ ಮರ್ಯಾದೆ. ಅವ್ವನಿಗೆ ನಾನು ನೂರು ವಿಷಯ ಹೇಳಿದ್ದೆ, ಇದೊಂದನ್ನು ಹೇಳಿರಲಿಲ್ಲ, ಏಕೆಂದರೆ ನನಗೇ ಹೊಳೆದಿರಲಿಲ್ಲ. ತಪ್ಪು ನನ್ನದೆಂದು ಗೊತ್ತಾದಾಗಲೇ ನನಗೆ ಬಾಯಿ ಹೆಚ್ಚು. ಕೂಸನ್ನು ಕಸಿದುಕೊಂಡೆ. "ಈ ಕೈಯಿಂದ ಇಷ್ಟು ವರ್ಷ ಯಾರ್ಯಾರ ಕೂಸಿಗೆ ಏನೇನ ಹತ್ತಿಸೀಯೋ" ಎಂದುಬಿಟ್ಟೆ.

ಅವ್ವ ಎದ್ದು ಬಚ್ಚಲಿಗೆ ಹೋದಳು. ಸಾಬೂನು ಹಚ್ಚಿ ಕೈ ತೊಳೆಯುವ ಸಪ್ಪಳ ಬಹಳ ಹೊತ್ತು ಕೇಳಿಸಿತು.

ಅದಾಗಿ ಎರಡು ದಿನಕ್ಕೆ ಕೂಸು ಹಾಲು ಕುಡಿಯುವುದನ್ನು ಬಿಟ್ಟಿತು. ಮೈ ತಣ್ಣಗಾಯಿತು. ಬಾಡಿಗೆ ಗಾಡಿಯಲ್ಲಿ ಮತ್ತೆ ಹಾವೇರಿಗೆ ಓಡಿದೆವು. ರಕ್ತದಲ್ಲಿ ನಂಜು ಶುರುವಾಗಿದೆ, ಬೇಗ ತಂದಿರಿ, ವಾಸಿಯಾಗುತ್ತದೆ ಎಂದರು ಡಾಕ್ಟರು. ಯಾರಿಂದ ಹತ್ತಿತು ಎಂದು ನಾನು ಕೇಳಿದೆ. ಹಾಗೆ ಹೇಳಲಿಕ್ಕೆ ಬರುವುದಿಲ್ಲ, ಇಷ್ಟು ಸಣ್ಣ ಕೂಸಿಗೆ ಎಲ್ಲಿಂದಲೂ ಆಗಬಹುದು ಎಂದರು.

ಎರಡನೆಯ ದಿನ ಕೂಸಿಗೆ ಹಾಲು ಕೊಡಲು ಒಳಗೆ ಕೂತಿದ್ದೆ. ಕಲಿಸಿದಂತೆಯೇ ಕೈಗೆ ಹಚ್ಚಿ ಒಣಗಿಸಿಕೊಂಡಿದ್ದೆ. ಆಗ ಮೊಬೈಲು ಗುಂಯ್ ಎಂದಿತು. ತೆಗೆದು ನೋಡಿ, ಮಡಿಲಲ್ಲಿಟ್ಟು, ಕೂಸಿಗೆ ಕೈ ಚಾಚಿದೆ. ಅದೇ ಸಿಸ್ಟರ್ ನನ್ನ ಮಣಿಕಟ್ಟು ಹಿಡಿದಳು. "ಮೊಬೈಲ್ ಹಿಡದ ಕೈ ಅದು. ಮತ್ತ ಮೊದ್ಲಿಂದ ಹಚ್ಕೋರಿ ಅಕ್ಕಾರ. ಮನ್ಯಾಗೂ ಹಿಂಗ ಮಾಡತಿದ್ರೇನು?"

ಮನೆಯಲ್ಲೂ ಹೀಗೇ ಮಾಡುತ್ತಿದ್ದೆ. ಎಷ್ಟು ಹೊತ್ತಿಗೆ ಕುಡಿಯಿತು, ಎಷ್ಟು ಹೊತ್ತು ಕುಡಿಯಿತು ಎಂದು ಮೊಬೈಲಿನಲ್ಲೇ ಬರೆದಿಡುತ್ತಿದ್ದೆ. ಬಸ್ಸಿನಲ್ಲಿ, ಸ್ಟಾಫ್ ರೂಮಿನಲ್ಲಿ, ಸಂತೆಯಲ್ಲಿ ತಿರುಗಿದ ಮೊಬೈಲು, ಒಂದು ದಿನವೂ ಒರೆಸಿದ್ದಿಲ್ಲ. ಕೈಗೆ ಹಚ್ಚುವುದು, ಮೊಬೈಲು ಹಿಡಿಯುವುದು, ಕೂಸನ್ನು ಎತ್ತುವುದು. ಅವ್ವ ಎಣ್ಣೆ ಕೈಯಲ್ಲಿ ಕೂಸನ್ನು ಹಿಡಿದದ್ದು ಎಷ್ಟು ಸಲವೋ ನನಗೆ ತಿಳಿಯದು. ನಾನು ಹೀಗೆ ಹಿಡಿದದ್ದಕ್ಕೆ ಲೆಕ್ಕವೇ ಇರಲಿಲ್ಲ.

ಹೊರಗೆ ಬಂದಾಗ ಅವ್ವ ಬೆಂಚಿನ ಮೇಲೆ ಕೂತಿದ್ದಳು. ಎರಡು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು: "ನನ್ನ ಕೈಯಿಂದನ ಆತೇನ?"

"ಡಾಕ್ಟರ್ ಹಂಗೇನೂ ಹೇಳಿಲ್ಲ" ಎಂದೆ.

ಸುಳ್ಳಲ್ಲ ಅದು. ಆದರೆ ಅಲ್ಲಿಗೆ ನಿಲ್ಲಿಸಿದೆನಲ್ಲ, ಅದು ಸುಳ್ಳಿಗಿಂತ ಕೆಟ್ಟದ್ದು. ಇನ್ನೊಂದೇ ಮಾತು ಸಾಕಾಗುತ್ತಿತ್ತು: ನನ್ನ ಕೈಯಿಂದಲೂ ಆಗಿರಬಹುದಬೇ. ಆ ಮೂರು ಶಬ್ದ ನಾನು ಆಡಲಿಲ್ಲ. ಅಷ್ಟು ಕೂಗಾಡಿದವಳು ಯಾವ ಮುಖ ಇಟ್ಟುಕೊಂಡು ಹೇಳಲಿ ಎಂಬ ಹುಂಬತನ ನನ್ನದು.

ಕೂಸು ವಾಸಿಯಾಗಿ ಮನೆಗೆ ಬಂತು. ದಿನ ಕಳೆದವು. ಒಂದು ದಿನ ತೂಕ ಎರಡೂವರೆ ಕಿಲೊ ದಾಟಿತು, ಇನ್ನು ಎರೆಯಬಹುದು ಎಂದರು. ಬೆಳಿಗ್ಗೆ ಅವ್ವ ಎದ್ದು ಹಂಡೆಗೆ ಉರಿ ಹಾಕಿದ್ದಳು. ಬಚ್ಚಲನ್ನು ಎರಡು ಸಲ ತಿಕ್ಕಿ ತೊಳೆದಿದ್ದಳು. ಉಗುರು ಕತ್ತರಿಸಿಕೊಂಡಿದ್ದಳು, ಬಳೆ ಮೇಲೇರಿಸಿ ಮೊಣಕೈವರೆಗೆ ಸಾಬೂನಿನಿಂದ ತೊಳೆದುಕೊಂಡಿದ್ದಳು. ಮಣೆಯ ಮೇಲೆ ಕೂತು ಕಾಲು ಚಾಚಿದಳು. ನಾನು ಕೂಸನ್ನು ತಂದು ಆ ಕಾಲುಗಳ ಮೇಲೆ ಮಲಗಿಸಿದೆ. ಎಷ್ಟು ತಿಂಗಳಿಂದ ಕಾದ ಗಳಿಗೆಯದು, ನನಗೆ ಕಣ್ಣು ತುಂಬಿ ಬಂದವು.

ಅವ್ವನ ಕೈ ಕೂಸಿನ ಮೇಲೆ ಒಂದು ಗೇಣು ಎತ್ತರದಲ್ಲೇ ನಿಂತವು. ಕೆಳಗೆ ಇಳಿಯಲಿಲ್ಲ. ಅಷ್ಟು ಕೂಸುಗಳಿಗೆ ಎರೆದ ಕೈ ಅವು.

"ತಗೋ ಯವ್ವಾ, ಎತ್ಕೋ" ಎಂದಳು. "ನನಗ ಆಗೂದಿಲ್ಲ. ಅಂಜಿಕಿ ಬರಾಕತ್ತೈತಿ."

"ಏನಾಗೂದಿಲ್ಲಬೇ, ಎರಿ" ಎಂದೆ.

"ಬ್ಯಾಡ. ನೀನ ಎರಿ. ನಾ ಹೇಳತೇನಿ."

ನಾನೇ ಎರೆದೆ. ಅವ್ವ ಬಾಗಿಲಲ್ಲಿ ನಿಂತು ತಲೆಯನ್ನು ಹೀಗೆ ಹಿಡಿ, ಕಿವಿಗೆ ನೀರು ಹೋಗದ ಹಾಗೆ ಅಂಗೈ ಅಡ್ಡ ಕೊಡು ಎಂದು ಹೇಳುತ್ತಿದ್ದಳು. ಕೂಸು ಮೊದಲ ತಂಬಿಗೆಯಿಂದ ಕೊನೆಯ ತಂಬಿಗೆಯವರೆಗೆ ಅತ್ತಿತು. ನನ್ನ ಕೈಗೆ ಆ ಹದ ಬರಲೇ ಇಲ್ಲ, ಆಮೇಲೂ ಬರಲಿಲ್ಲ.

ರಜೆ ಮುಗಿದು ನಾನು ಶಿಗ್ಗಾವಿಗೆ ಮರಳಿದೆ. ಅವ್ವ ಬಂದು ಹೋಗುತ್ತಿದ್ದಳು. ಮೊಮ್ಮಗಳನ್ನು ಎತ್ತಿಕೊಂಡರೆ ಸೆರಗನ್ನು ಕೈಗೆ ಸುತ್ತಿಕೊಂಡೇ ಎತ್ತಿಕೊಳ್ಳುತ್ತಿದ್ದಳು. ಎಷ್ಟು ಸಲ ಹೇಳಿದರೂ "ಇರ್ಲಿ ಬಿಡು" ಎನ್ನುವಳು. ನನ್ನ ಮಗಳಿಗೆ ಎಲ್ಲ ಸಿಕ್ಕಿತು, ಅಜ್ಜಿಯ ಪ್ರೀತಿ, ಕೌದಿ, ಕರ್ಚಿಕಾಯಿ, ಎಲ್ಲ. ಆ ಅಂಗೈಯೊಂದು ಸಿಗಲಿಲ್ಲ. ಓಣಿಯಲ್ಲಿ ಎದುರು ಸಿಕ್ಕ ಯಾವುದೋ ಹುಡುಗಿಗೆ ಅವ್ವ ಎರೆದದ್ದು ನೆನಪಾದರೆ, ಚಿಕ್ಕವಳಿದ್ದಾಗಿನ ಹೊಟ್ಟೆಕಿಚ್ಚು ಈಗ ನನ್ನ ಮಗಳ ಪರವಾಗಿ ಎದ್ದು ಬರುತ್ತದೆ. ಆ ಕೈ ನನ್ನ ಕೂಸಿನ ಬೆನ್ನ ಮೇಲೆ ಇಳಿಯಬೇಕಿತ್ತು. ಈಗಲೂ ಬೇಕು ಅನಿಸುತ್ತದೆ, ಆದರೆ ಕೂಸು ಕೂಸಾಗಿ ಉಳಿದಿಲ್ಲ.

ಹೋದ ದೀಪಾವಳಿಗೆ ತವರಿಗೆ ಹೋಗಿದ್ದೆವು. ಮಗಳು ಅಂಗಳದಲ್ಲಿ ಆಡುತ್ತಿದ್ದಳು. ಹಬ್ಬದ ಎಣ್ಣೆನೀರು. ನನಗೇನನಿಸಿತೋ, ಹೋಗಿ ಬಚ್ಚಲ ಕಲ್ಲಿನ ಮೇಲೆ ಕೂತು "ನನಗ ಎರಿಬೇ" ಎಂದೆ. "ನಾಚಿಕಿ ಇಲ್ಲದಾಕಿ, ನಲವತ್ತರ ಹತ್ರ ಬಂದಿ" ಎಂದು ಬೈದಳು. ಆದರೂ ಬಟ್ಟಲಲ್ಲಿ ಎಣ್ಣೆ ಬಿಸಿ ಮಾಡಿ ತಂದಳು. ನೆತ್ತಿಯ ಮೇಲೆ ಸುರಿದು ತಟ್ಟಿದಳು. ಬೆನ್ನಿಗೆ ಕೈ ಇಳಿಯಿತು. ಅಂಜಿಕೆಯಿಲ್ಲ, ಹಿಂಜರಿಕೆಯಿಲ್ಲ. ನನಗೆ ತಡೆಯಲಾಗಲಿಲ್ಲ.

"ಅವ್ವಾ, ಆವತ್ತ ಕೂಸಿಗೆ ಆರಾಮ ತಪ್ಪಿದ್ದು ನಿನ್ನ ಕೈಯಿಂದಂತ ಯಾರೂ ಹೇಳಿಲ್ಲ. ನಾನೂ ಮೊಬೈಲ್ ಹಿಡದ ಕೈಲೇ ಎತ್ಕೋತಿದ್ದೆ. ಸಿಸ್ಟರ್ ತೋರಿಸಿಕೊಟ್ಟಿದ್ಲು. ನನ್ನಿಂದಲೂ ಆಗಿರಬಹುದು. ಆವಾಗನ ಗೊತ್ತಿತ್ತು ನನಗ."

ಬೆನ್ನ ಮೇಲಿನ ಕೈ ನಿಂತಿತು. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಹೊರಗೆ ಎದುರುಮನೆಯ ಹೊಸ ಕೂಸು ಅಳುತ್ತಿತ್ತು. ಆ ಮನೆಯವರು ಕರೆಯಲು ಬಂದಾಗ ಅವ್ವ ಮೊಣಕಾಲು ನೋವಿನ ನೆಪ ಹೇಳಿ ಕಳಿಸಿದ್ದನ್ನು ನಾನೇ ಕೇಳಿದ್ದೆ. ವಯಸ್ಸಾಯಿತು, ಅದಕ್ಕೇ ಬಿಟ್ಟಿದ್ದಾಳೆ ಎಂದುಕೊಂಡಿದ್ದೆ.

"ಈ ಓಣ್ಯಾಗ ಆಮ್ಯಾಲೆ ಒಂಬತ್ತು ಕೂಸು ಹುಟ್ಟ್ಯಾವು" ಎಂದಳು ಅವ್ವ. "ಒಂದನ್ನೂ ಮುಟ್ಟಿಲ್ಲ ನಾ."

ಅಷ್ಟು ಹೇಳಿ, ಕಣ್ಣು ಮುಚ್ಚಿಕೋ ಎಂದು ತಲೆಯ ಮೇಲೆ ನೀರು ಹಾಕಿದಳು.